ಸ್ವಿಫ್ಟ್‌ಗೆ ಹೊಸ ಟೈರ್: ನಮ್ಮ ಬಿಸಿಲಿಗೆ, ನಮ್ಮ ದಾರಿಗೆ ಯಾವುದು ತಡೀತದ?

ವಿಜಯಪುರದಿಂದ ಪ್ರಶ್ನೆ:

2018ರ ಸ್ವಿಫ್ಟ್ ವಿಎಕ್ಸ್‌ಐ, 46,000 ಕಿ.ಮೀ. ಆಗಿದೆ. ಗಾಡಿ ಜೊತೆ ಬಂದ 165/80 ಆರ್14 ಟೈರ್‌ಗಳೇ ಇನ್ನೂ ಇವೆ. ಮುಂದಿನ ಎರಡು ಸವೆದಿವೆ, ಹಿಂದಿನವು ನೋಡಲು ಚೆನ್ನಾಗಿವೆ. ವಾರವೆಲ್ಲ ಊರೊಳಗೆ ಓಡಾಟ. ತಿಂಗಳಿಗೆ ಎರಡು ಸಲ ಇಂಡಿ ಕಡೆಯ ಹಳ್ಳಿಗೆ, ಅದರಲ್ಲಿ ಕೊನೆಯ 6 ಕಿ.ಮೀ. ಕಚ್ಚಾ ದಾರಿ. ವರ್ಷಕ್ಕೊಮ್ಮೆ ಮಳೆಯಲ್ಲಿ ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ. ಐದು ಜನ, ಮೇಲೆ ಸಾಮಾನು. ಅಂಗಡಿಯಲ್ಲಿ 185/65 ಆರ್14 ಹಾಕಿಸಿ, ಅಗಲ ಇರ್ತದ, ಗ್ರಿಪ್ ಚಲೋ ಅಂದರು. ಯಾವ ಅಳತೆ, ಯಾವ ಕಂಪನಿ, ಎರಡೋ ನಾಲ್ಕೋ ಹೇಳ್ರಿ.

ಜಮಖಂಡಿಯಿಂದ:

185/65 ಬ್ಯಾಡ್ರಿ. ಹಾಳೆ ಮೇಲೆ ಲೆಕ್ಕ ಹಾಕಿ ನೋಡಿದರೆ ತಿಳೀತದ. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಕ್ಕದ ಗೋಡೆಯ (ರಿಮ್ಮಿನಿಂದ ರಸ್ತೆವರೆಗಿನ ರಬ್ಬರು) ಎತ್ತರ ಅನ್ನೋದು. 165ರ ಶೇ. 80 ಅಂದರೆ 132. ಮೇಲೊಂದು ಕೆಳಗೊಂದು ಗೋಡೆ, 264. ಅದಕ್ಕೆ 14 ಇಂಚಿನ ರಿಮ್, ಅಂದರೆ 355.6 ಕೂಡಿಸಿದರೆ ಗಾಲಿಯ ಒಟ್ಟು ಎತ್ತರ ಸುಮಾರು 620 ಮಿ.ಮೀ. ಇದೇ ಲೆಕ್ಕದಲ್ಲಿ 185/65 ಆರ್14ರ ಎತ್ತರ 596 ಮಾತ್ರ. ಗಾಡಿ 12 ಮಿ.ಮೀ. ಕೆಳಗೆ ಇಳೀತದ. ಹಳ್ಳಿ ದಾರಿಯಲ್ಲಿ ಎತ್ತಿನ ಗಾಡಿ, ಟ್ರ್ಯಾಕ್ಟರ್ ಜಾಡಿನ ನಡುವಿನ ದಿಣ್ಣೆ ತಳಕ್ಕೆ ಬಡಿಯೋದು ಅಲ್ಲೇ. ಸ್ಪೀಡೋಮೀಟರ್ ಕೂಡ ಶೇ. 4ರಷ್ಟು ಹೆಚ್ಚು ತೋರಿಸ್ತದ, ಓಡದ ಕಿಲೋಮೀಟರ್ ಓಡಿದ ಲೆಕ್ಕಕ್ಕೆ ಸೇರ್ತದ.

ಅಗಲ ಬೇಕೇ ಬೇಕು ಅಂದರೆ 185/70 ಆರ್14. ಅದರ ಎತ್ತರ 615, ಮೂಲಕ್ಕೆ ಹತ್ತಿರ. ನಿಮ್ಮ 5 ಇಂಚಿನ ರಿಮ್ಮಿಗೂ ಕೂರ್ತದ. ಅಳತೆಯ ಮುಂದೆ 85ಟಿ ಅಂತ ಏನೋ ಬರೆದಿರ್ತದಲ್ಲ, ಅದನ್ನು ಕಣ್ಣು ಬಿಟ್ಟು ಓದಿ. 85 ಅಂದರೆ ಒಂದು ಟೈರ್ 515 ಕಿಲೋ ಹೊರಬಲ್ಲದು, 82 ಅಂದರೆ 475 ಕಿಲೋ ಅಷ್ಟೇ. ಟಿ ಅಂದರೆ ಗಂಟೆಗೆ 190 ಕಿ.ಮೀ. ವೇಗದ ಮಿತಿ. ಐದು ಜನ ಕೂತು ಡಿಕ್ಕಿ ತುಂಬುವ ಗಾಡಿಗೆ 85ಕ್ಕಿಂತ ಕಡಿಮೆ ಸಂಖ್ಯೆಯದನ್ನು ಎಷ್ಟೇ ಅಗ್ಗ ಇದ್ದರೂ ಮುಟ್ಟಬೇಡಿ.

ಬಸವನ ಬಾಗೇವಾಡಿಯಿಂದ:

ಮೇಲಿನವರ ಲೆಕ್ಕ ಸರಿ. ಆದರೆ ಎರಿ ಹೊಲದ ದಾರಿ ಇರುವವರಿಗೆ 185/70 ಕೂಡ ಬೇಡ ಅನ್ನುತ್ತೇನೆ. ಎರಿ ಮಣ್ಣು ಹಸಿಯಾದರೆ ಟೈರಿಗೆ ಮೆತ್ತಿಕೊಂಡು ಮಡ್‌ಗಾರ್ಡ್ ಒಳಗೆ ತುಂಬುತ್ತದೆ. ಟೈರ್ ಅಗಲವಾದಷ್ಟೂ ಅಲ್ಲಿ ಸಂದು ಕಡಿಮೆ. ಸ್ಟೀರಿಂಗ್ ತುಸು ಭಾರ, ಮೈಲೇಜ್ ತುಸು ಕಡಿಮೆ ಆಗುವುದು ಬೇರೆ. ಮೂಲ ಅಳತೆ 165/80 ಗೋಡೆ ಎತ್ತರ ಇರುವ ಟೈರು. ಕಲ್ಲುದಾರಿಗೆ ಆ ಎತ್ತರವೇ ಮೆತ್ತೆ.

ವಿಜಯಪುರದಿಂದ ಇನ್ನೊಬ್ಬರು:

ನಾಲ್ಕೂ ಬದಲಿಸಿ. ಹಿಂದಿನವು ಚೆನ್ನಾಗಿ ಕಾಣುವುದು ಬರೀ ಪಟ್ಟಿಯ ಆಳ ನೋಡಿದಾಗ. ಒಮ್ಮೆ ಬೆಳಗಿನ ಓರೆ ಬಿಸಿಲಲ್ಲಿ ಕೂತು ಟೈರಿನ ಪಕ್ಕದ ಗೋಡೆ ನೋಡಿ. ಅಕ್ಷರಗಳ ಬುಡದಲ್ಲಿ, ರಿಮ್ಮಿಗೆ ತಾಗುವ ಅಂಚಿನಲ್ಲಿ, ಪಟ್ಟಿಗಳ ನಡುವಿನ ತೋಡಿನ ತಳದಲ್ಲಿ ಬೇಸಿಗೆ ಕೆರೆಯಂಗಳದ ಹಾಗೆ ಸಣ್ಣ ಬಿರುಕು ಬಿಟ್ಟಿರುತ್ತವೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ರಬ್ಬರು ಓಡದಿದ್ದರೂ ಗಟ್ಟಿಯಾಗುತ್ತದೆ. ಗಟ್ಟಿ ರಬ್ಬರು ಒಣ ರಸ್ತೆಯಲ್ಲಿ ಸುಮ್ಮನಿದ್ದು, ಮೊದಲ ಮಳೆಗೆ ಬ್ರೇಕ್ ಒತ್ತಿದಾಗ ಜಾರುತ್ತದೆ. 5 ವರ್ಷ ಆದ ಮೇಲೆ ಪ್ರತಿ ವರ್ಷ ತಪಾಸಣೆ ಬೇಕು. ನಿಮ್ಮವು ಅದನ್ನು ಎಂದೋ ದಾಟಿವೆ.

ಬಿಸಿಲಿಗೆ ಟೈರ್ ಒಡೆಯಿತು ಅನ್ನುತ್ತಾರಲ್ಲ, ಬಹಳ ಸಲ ನಿಜವಾದ ಕಾರಣ ಗಾಳಿ ಕಡಿಮೆ ಇದ್ದದ್ದು. ಗಾಳಿ ಕಡಿಮೆ ಇದ್ದರೆ ಪ್ರತಿ ಸುತ್ತಿಗೂ ಗೋಡೆ ಮಡಚಿ ಬಿಚ್ಚುತ್ತದೆ. ಆ ಮಡಚುವಿಕೆಯ ಶಾಖ ಒಳಗಿನ ದಾರವನ್ನು ರಬ್ಬರಿನಿಂದ ಬಿಡಿಸುತ್ತದೆ. ಸೋಲಾಪುರದ ಹೆದ್ದಾರಿಯಲ್ಲಿ ಮೇ ಮಧ್ಯಾಹ್ನ 100ರ ವೇಗದಲ್ಲಿ ಒಂದು ತಾಸು ಓಡಿದರೆ ಅಷ್ಟು ಸಾಕು. ಅದಕ್ಕೇ ಬಿಸಿಲಿದೆ ಎಂದು ಗಾಳಿ ಕಡಿಮೆ ಹಾಕಿಸುವುದು ಪೂರ್ತಿ ಉಲ್ಟಾ ಕೆಲಸ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಚೀಟಿ ಇದೆ, ಅದರಲ್ಲಿರುವ ಒತ್ತಡ ತಣ್ಣಗಿನ ಟೈರಿನದು. ಬೆಳಿಗ್ಗೆ, ಗಾಡಿ ಓಡುವ ಮೊದಲು ನೋಡಿ. ಓಡಿದ ಮೇಲೆ ಒತ್ತಡ 4-5 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಏರಿದ್ದು ಕಂಡರೆ ಬಿಡಿಸಬೇಡಿ. ತಣ್ಣಗಾದ ಮೇಲೆ ಅದೇ ಕೊರತೆಯಾಗುತ್ತದೆ. ನೈಟ್ರೋಜನ್‌ಗೆ ದುಡ್ಡು ಕೊಡಬೇಕಾದ್ದಿಲ್ಲ, ಸಾಮಾನ್ಯ ಗಾಳಿಯಲ್ಲೇ ಶೇ. 78 ಅದೇ ಇದೆ. ಹದಿನೈದು ದಿನಕ್ಕೊಮ್ಮೆ ನೋಡುವ ಅಭ್ಯಾಸ ಮುಖ್ಯ.

ಇಳಕಲ್ಲಿನಿಂದ:

ಗ್ರಾನೈಟ್ ಕ್ವಾರಿ ಊರಿನ ಮಾತು: ಇಲ್ಲಿ ಟೈರ್ ಸವೆದು ಸಾಯುವುದಕ್ಕಿಂತ ಪಕ್ಕ ಹರಿದು ಸಾಯುವುದು ಹೆಚ್ಚು. ಲಾರಿಯಿಂದ ಬಿದ್ದ ಕಲ್ಲಿನ ಚೂರು ರಸ್ತೆಯ ಅಂಚಿನಲ್ಲಿ ಕೂತಿರುತ್ತದೆ. ಎದುರಿನ ಗಾಡಿಗೆ ದಾರಿ ಬಿಡಲು ಡಾಂಬರಿನಿಂದ ಇಳಿದಾಗ ಗೋಡೆಗೆ ಚುಚ್ಚುತ್ತದೆ. ಗೋಡೆಗೆ ಪಂಕ್ಚರ್ ತಿದ್ದುವ ಹಾಗಿಲ್ಲ, ಟೈರ್ ಹೋಯಿತು ಅಂತಲೇ ಲೆಕ್ಕ.

ಆದ್ದರಿಂದ ಕೊಳ್ಳುವಾಗ ಪಕ್ಕದಲ್ಲಿ ಸಣ್ಣ ಉಬ್ಬಕ್ಷರದಲ್ಲಿ ಬರೆದ ಸಾಲು ಹುಡುಕಿ. ಟ್ರೆಡ್ (ರಸ್ತೆಗೆ ತಾಗುವ ಮೈ) ಅಂತ ಬರೆದ ಮುಂದೆ ಸ್ಟೀಲ್, ಪಾಲಿಯೆಸ್ಟರ್, ನೈಲಾನ್ ಪದರ ಎಷ್ಟೆಷ್ಟು ಅಂತ ಇರುತ್ತದೆ. ಸೈಡ್‌ವಾಲ್ ಮುಂದೆ 1 ಇದೆಯೋ 2 ಇದೆಯೋ ನೋಡಿ. 2 ಪದರದ ಗೋಡೆ ಸಿಕ್ಕರೆ ನಮ್ಮ ಕಡೆಗೆ ಅದೇ ಸೈ, ಸವಾರಿ ತುಸು ಗಡಸು ಅನಿಸಿದರೂ. ಟ್ರೆಡ್‌ನಲ್ಲಿ ನೈಲಾನ್ ಪದರ ಇದ್ದರೆ ವೇಗದಲ್ಲಿ ಸ್ಟೀಲ್ ಪಟ್ಟಿಯನ್ನು ಅದು ಬಿಗಿ ಹಿಡಿದಿರುತ್ತದೆ.

ಬಳ್ಳಾರಿ ಜಾಲಿ ಮುಳ್ಳಿನ ವಿಷಯ ಬೇರೆ. ಅದು ಟ್ರೆಡ್‌ಗೇ ಚುಚ್ಚಿ ಒಳಗೆ ಮುರಿದು ಕೂರುತ್ತದೆ, ಗಾಳಿ ದಿನಕ್ಕೆ ಎರಡು-ಮೂರು ಪಿಎಸ್‌ಐ ಮಾತ್ರ ಇಳಿಯುತ್ತದೆ. ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿದರಷ್ಟೇ ಗೊತ್ತಾಗುವುದು. ಮೇಲಿನಿಂದ ದಾರ ತುರುಕುವುದು ಊರು ಮುಟ್ಟುವ ಮಟ್ಟಿಗೆ ಸರಿ. ಟೈರ್ ಬಿಚ್ಚಿ ಒಳಗಿನಿಂದ ಅಣಬೆ ಆಕಾರದ ಪ್ಯಾಚ್ ಹಾಕಿಸುವುದು ಬಾಳಿಕೆ.

ಬೆಳಗಾವಿಯಿಂದ:

ಚೋರ್ಲಾ ಅಂದಿರಿ, ಅದಕ್ಕೆ ಉತ್ತರಿಸುತ್ತೇನೆ. ಖಾನಾಪುರ ಕಡೆಯ ಮಳೆಯಲ್ಲಿ ಟೈರಿನ ಕೆಲಸ ನೀರನ್ನು ಪಕ್ಕಕ್ಕೆ ತಳ್ಳುವುದು. ಹೊಸ ಟೈರಿನ ತೋಡಿನ ಆಳ ಸುಮಾರು 8 ಮಿ.ಮೀ., ಕಾನೂನಿನ ಕನಿಷ್ಠ 1.6. ತೋಡಿನ ಒಳಗೆ ಅಡ್ಡಕ್ಕೆ ಸಣ್ಣ ದಿಬ್ಬ ಕಾಣುತ್ತದಲ್ಲ, ಟ್ರೆಡ್ ಅದರ ಸಮ ಬಂದರೆ 1.6 ಮುಟ್ಟಿದೆ ಅಂತ. ಘಾಟಿಗೆ ಹೋಗುವವರು ಅಲ್ಲಿವರೆಗೆ ಕಾಯಬಾರದು, 3 ಮಿ.ಮೀ.ಗೇ ಬದಲಿಸಬೇಕು.

ಯಾರಾದರೂ ಎರಡೇ ಹಾಕಿಸುವುದಾದರೆ ಹೊಸ ಎರಡನ್ನು ಹಿಂದಕ್ಕೆ ಹಾಕಿಸಿ. ಮುಂದಿನ ಗಾಲಿ ಎಳೆಯುವ ಗಾಡಿ, ಹೊಸದು ಮುಂದೆ ಇರಲಿ ಅಂತ ಬಹಳ ಜನ ವಾದಿಸುತ್ತಾರೆ. ಮುಂದಿನದು ನೀರಲ್ಲಿ ತೇಲಿದರೆ ಗಾಡಿ ನೆಟ್ಟಗೆ ಹೋಗುತ್ತದೆ, ಆಕ್ಸಿಲೇಟರ್ ಬಿಟ್ಟರೆ ಹಿಡಿತ ಮರಳುತ್ತದೆ. ತಿರುವಿನಲ್ಲಿ ಹಿಂದಿನದು ತೇಲಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಅದನ್ನು ಸಾಮಾನ್ಯ ಚಾಲಕ ಸರಿಪಡಿಸಲಾರ.

ಕಂಪನಿ ಬಗ್ಗೆ: ಸಿಯೆಟ್ ಮಿಲೇಜ್ ಎಕ್ಸ್3, ಅಪೋಲೊ ಅಮೇಜರ್ 4ಜಿ ಲೈಫ್ ಬಾಳಿಕೆ ಕಡೆಗೆ ವಾಲಿದ ಟೈರ್‌ಗಳು. ಸಿಯೆಟ್ ಸೆಕ್ಯುರಾಡ್ರೈವ್ ಹಿಡಿತದ ಕಡೆಗೆ. ಬಾಳಿಕೆ ಮತ್ತು ಒದ್ದೆ ಹಿಡಿತ ಒಂದೇ ಟೈರಿನಲ್ಲಿ ಪೂರ್ತಿ ಸಿಗುವುದು ಅಪರೂಪ. ವರ್ಷಕ್ಕೊಂದೇ ಘಾಟಿ ಆದರೆ ಬಾಳಿಕೆಯದೇ ಸಾಕು, ಘಾಟಿಯಲ್ಲಿ ವೇಗ ಇಳಿಸಿ. ಆದರೆ ನಾಲ್ಕಕ್ಕೂ ಒಂದೇ ಮಾದರಿ ಇರಲಿ.

ಬಾಗಲಕೋಟೆಯಿಂದ:

ಒಳ್ಳೆ ಟೈರ್ ಕೊಂಡು ಕೆಟ್ಟದಾಗಿ ಕೂಡಿಸಿದರೆ ಎಲ್ಲ ವ್ಯರ್ಥ. ಅಂಗಡಿಯಲ್ಲಿ ಈ ಕ್ರಮದಲ್ಲಿ ನೋಡಿಕೊಳ್ಳಿ.

ಹಳೆ ಟೈರ್ ಬಿಚ್ಚುವ ಮುಂಚೆಯೇ ಅದರ ಸವೆತ ಓದಿ. ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ (ಗಾಲಿಗಳ ನೇರ) ತಪ್ಪಿದೆ, ಇಲ್ಲವೇ ಲೋವರ್ ಆರ್ಮ್ ಬುಷ್ (ಗಾಲಿ ಹಿಡಿಯುವ ತೋಳಿನ ರಬ್ಬರು) ಕೆಟ್ಟಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ನಡು ಮಾತ್ರ ಆದರೆ ಗಾಳಿ ಹೆಚ್ಚು. ಅಂಗೈ ಆಡಿಸಿದಾಗ ಅಲೆ ಅಲೆಯಾಗಿ ಸಿಕ್ಕರೆ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನ. ಕೆಟ್ಟ ಬುಷ್ ಬಿಟ್ಟು ಅಲೈನ್‌ಮೆಂಟ್ ಮಾಡಿಸಿದರೆ ಅದು ನಿಲ್ಲುವುದಿಲ್ಲ, ಹೊಸ ಟೈರಿಗೂ ಅದೇ ಗತಿ.

ಹೊಸ ಟೈರ್ ನೆಲದ ಮೇಲಿರುವಾಗಲೇ ತಾರೀಖು ನೋಡಿ. ಪಕ್ಕದ ಗೋಡೆಯಲ್ಲಿ ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ: 1125 ಅಂದರೆ 2025ರ 11ನೇ ವಾರ. ಒಂದು ಪಕ್ಕ ಇಲ್ಲದಿದ್ದರೆ ತಿರುಗಿಸಿ ಇನ್ನೊಂದು ಪಕ್ಕ ನೋಡಿ. ಆರು ತಿಂಗಳೊಳಗಿನದು ಕೇಳಿ, ನಾಲ್ಕೂ ಬೇರೆ ಬೇರೆ ನೋಡಿ.

ರಬ್ಬರಿನ ವಾಲ್ವ್ ನಾಲ್ಕೂ ಹೊಸದು. ಟೈರ್ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಹಗುರ ಜಾಗ, ವಾಲ್ವ್ ಪಕ್ಕಕ್ಕೆ ಬರಬೇಕು. ಬ್ಯಾಲೆನ್ಸಿಂಗ್ ಮುಂಚೆ ರಿಮ್ಮಿಗೆ ಕೂಡಿಸಿದ ಹಳೆ ತೂಕ ಕಿತ್ತು ತೆಗೆಯಬೇಕು. ಒಂದೇ ಗಾಲಿಗೆ ತೂಕ ತೀರಾ ಹೆಚ್ಚು ಬೇಡಿದರೆ ಟೈರನ್ನು ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಲು ಹೇಳಿ. ಅಲೈನ್‌ಮೆಂಟ್ ಮೊದಲಿನದು, ನಂತರದ್ದು ಎರಡೂ ಪ್ರಿಂಟ್ ತಗೊಳ್ಳಿ.

ನಟ್ ಬಿಗಿಯುವುದನ್ನು ನಿಂತು ನೋಡಿ. ಗಾಳಿ ಗನ್ನಿನಿಂದ ಕರಕರ ಬಿಗಿದರೆ ಸ್ಟಡ್ (ನಟ್ ಕೂರುವ ಬೋಲ್ಟ್) ಎಳೆದಂತಾಗುತ್ತದೆ, ದಾರಿಯಲ್ಲಿ ಪಂಕ್ಚರ್ ಆದಾಗ ಡಿಕ್ಕಿಯ ಪಾನಾಗೆ ಅದು ಬಗ್ಗುವುದಿಲ್ಲ. ಗನ್ ಬರೀ ಹಗುರಕ್ಕೆ, ಕೊನೆಯ ಬಿಗಿ ಟಾರ್ಕ್ ಪಾನಾದಿಂದ (ಬಿಗಿಯ ಅಳತೆ ತೋರಿಸುವ ಪಾನಾ), ಎದುರೆದುರಿನ ನಟ್ ಹಿಡಿದು, ಗಾಡಿಯ ಪುಸ್ತಕದಲ್ಲಿರುವ ಅಳತೆಗೆ.

ಪ್ರಶ್ನೆ ಕೇಳಿದವರು:

165/80 ನಾಲ್ಕು, ಎರಡು ಪದರದ ಗೋಡೆ ಸಿಕ್ಕರೆ ಅದು. ಹಳೆಯ ಸ್ಟೆಪ್ನಿ ಒಮ್ಮೆಯೂ ಇಳಿದಿಲ್ಲ. ಅದನ್ನು ಹಾಕಿ ಮೂರು ಕೊಂಡರೆ ಆಗ್ತದಾ?

ಬಾಗಲಕೋಟೆಯಿಂದ:

ಬ್ಯಾಡ್ರಿ. ಅದಕ್ಕೂ ವಯಸ್ಸು ಅಷ್ಟೇ ಆಗಿದೆ, ಕತ್ತಲಲ್ಲಿ ಇದ್ದದ್ದರಿಂದ ಬಿರುಕು ಕಾಣುವುದಿಲ್ಲ ಅಷ್ಟೇ. ಅಡಚಣೆಗೆ ಅಂತ ಡಿಕ್ಕಿಯಲ್ಲೇ ಇರಲಿ, ಚೀಟಿಯ ಒತ್ತಡಕ್ಕಿಂತ 4-5 ಪಿಎಸ್‌ಐ ಹೆಚ್ಚು ತುಂಬಿಸಿಟ್ಟು ಹಾಕುವಾಗ ಇಳಿಸಿಕೊಳ್ಳಿ. ಹೊಸ ನಾಲ್ಕಕ್ಕೆ ಮೊದಲ 200-300 ಕಿ.ಮೀ. ಜೋರು ಬ್ರೇಕ್, ಜೋರು ತಿರುವು ಬೇಡ. ಅಚ್ಚಿನಿಂದ ಬಂದ ಜಾರುಪದರ ಸವೆಯಬೇಕು. ಮೊದಲ 100 ಕಿ.ಮೀ.ಗೆ ನಟ್ ಒಮ್ಮೆ ಮತ್ತೆ ನೋಡಿಸಿ. ಬಿಲ್ಲಿನಲ್ಲಿ ನಾಲ್ಕೂ ಟೈರಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದು ಅದನ್ನೇ.