ಕಡಲಬದಿಯ ಮನೆಗೆ ಸಿಸಿಟಿವಿ: ಯಾವ ಕ್ಯಾಮೆರಾ, ಯಾವ ರೆಕಾರ್ಡರ್? ಬಳಸಿದವರು ಹೇಳಿ

ಕುಮಟಾದಿಂದ ಪ್ರಶ್ನೆ

ನಮಸ್ಕಾರ. ನಮ್ಮ ಮನೆ ಕುಮಟಾ ಪಟ್ಟಣದ ಹೊರಗಿದೆ, ಸಮುದ್ರ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಅಪ್ಪ, ಅಮ್ಮ ಇಬ್ಬರೇ ಇರುತ್ತಾರೆ. ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ. ಮನೆಯಿಂದ ನೂರಿಪ್ಪತ್ತು ಮೀಟರಿನಷ್ಟು ದೂರದಲ್ಲಿ ಹಳೆಯ ಕೊಟ್ಟಿಗೆ. ತೆಂಗಿನಕಾಯಿ, ಅಡಿಕೆ ಮೂಟೆ, ಪಂಪಿನ ಸಾಮಾನು ಎಲ್ಲ ಅಲ್ಲಿಯೇ. ಕಳೆದ ತಿಂಗಳು ಅಲ್ಲಿಂದ ಒಂದು ಮೋಟಾರು ಕಳುವಾಯಿತು. ಕ್ಯಾಮೆರಾ ಹಾಕುವವರೊಬ್ಬರು ನೋಡಿಹೋಗಿ 5 ಮೆಗಾಪಿಕ್ಸೆಲಿನ ಎಂಟು ಕ್ಯಾಮೆರಾ, ಒಂದು ಡಿವಿಆರ್ (ಕೋಆಕ್ಸಿಯಲ್ ಕೇಬಲ್ಲಿನ ರೆಕಾರ್ಡರ್), 1 ಟಿಬಿ ಹಾರ್ಡ್‌ಡಿಸ್ಕ್ ಎಂದು ಬರೆದುಕೊಟ್ಟಿದ್ದಾರೆ. ಸ್ನೇಹಿತರೊಬ್ಬರು ಎನ್‌ವಿಆರ್ (ನೆಟ್‌ವರ್ಕ್ ಕೇಬಲ್ಲಿನ ರೆಕಾರ್ಡರ್) ಹಾಕಿಸು ಎನ್ನುತ್ತಾರೆ, ಇನ್ನೊಬ್ಬರು ವೈಫೈ ಕ್ಯಾಮೆರಾ ಸಾಕು ಎನ್ನುತ್ತಾರೆ. ಗೇಟು ಮನೆಯ ಗೋಡೆಯಿಂದ ಹನ್ನೆರಡು ಮೀಟರ್ ಇದೆ. ಮಳೆಗಾಲಕ್ಕೆ ಮುಂಚೆ ಮುಗಿಸಬೇಕು. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಶಿರಸಿಯಿಂದ

ಆ ಪಟ್ಟಿಯನ್ನು ಸದ್ಯ ಬದಿಗಿಡಿ. ಒಂದು ಕಾಗದದ ಮೇಲೆ ಮನೆ, ಗೇಟು, ಹಿತ್ತಿಲು, ಕೊಟ್ಟಿಗೆ ಬರೆದುಕೊಂಡು ಒಂದೊಂದು ಜಾಗಕ್ಕೂ ಕೇಳಿಕೊಳ್ಳಿ: ಇಲ್ಲಿ ಯಾರೋ ಓಡಾಡಿದರು ಎಂದು ತಿಳಿದರೆ ಸಾಕೇ, ಇಲ್ಲವೇ ಓಡಾಡಿದವರ ಮುಖ ಕಾಣಬೇಕೇ? ಇವೆರಡೂ ಬೇರೆ ಬೇರೆ ಕೆಲಸಗಳು. ಒಂದು ಕ್ಯಾಮೆರಾ ಎರಡನ್ನೂ ಮಾಡುತ್ತದೆ ಎಂದು ನಂಬಿ ಹಣ ಹಾಕಿದವರೇ ನಮ್ಮ ಕಡೆ ಹೆಚ್ಚು. ಕಳ್ಳತನವಾದ ಮೇಲೆ ದೃಶ್ಯ ತೆಗೆದು ನೋಡಿದರೆ, ಲುಂಗಿ ಉಟ್ಟ ಒಂದು ಆಕೃತಿ ಅಂಗಳ ದಾಟಿ ಹೋಗುವುದು ಸ್ಪಷ್ಟವಾಗಿ ಕಾಣುತ್ತದೆ, ಮುಖದ ಜಾಗದಲ್ಲಿ ಮಾತ್ರ ಬಿಳಿಯ ಮಸುಕು.

ಇದಕ್ಕೆ ಲೆಕ್ಕವಿದೆ. ಈ ಕ್ಷೇತ್ರದಲ್ಲಿ ಒಪ್ಪಿಕೊಂಡ ಮಾನದಂಡದ ಪ್ರಕಾರ, ಅಪರಿಚಿತನೊಬ್ಬನನ್ನು ಇಂಥವನೇ ಎಂದು ಗುರುತಿಸಲು ಚಿತ್ರದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು. ಪರಿಚಯದವನಾದರೆ 125 ಸಾಕು. ಯಾರೋ ಇದ್ದಾರೆ ಎನ್ನುವಷ್ಟಕ್ಕೆ 25. 2 ಮೆಗಾಪಿಕ್ಸೆಲಿನ ಕ್ಯಾಮೆರಾದ ಚಿತ್ರ 1920 ಪಿಕ್ಸೆಲ್ ಅಗಲ. ಅಂದರೆ ಅದರ ನೋಟದ ಅಗಲ ಏಳೂವರೆ ಮೀಟರ್ ದಾಟಿತೆಂದರೆ ಅಪರಿಚಿತನ ಮುಖ ಸಿಗುವುದಿಲ್ಲ. ಎಲ್ಲರೂ ಹಾಕುವ 2.8 ಮಿಲಿಮೀಟರ್ ಲೆನ್ಸಿನಲ್ಲಿ ಇದು ಮೂರು, ನಾಲ್ಕು ಮೀಟರಿಗೇ ಮುಗಿಯುತ್ತದೆ. ಮಿಲಿಮೀಟರ್ ಹೆಚ್ಚಿದಷ್ಟೂ ನೋಟ ಕಿರಿದಾಗಿ ದೂರದ್ದು ದೊಡ್ಡದಾಗಿ ಕಾಣುತ್ತದೆ, 6 ಮಿಲಿಮೀಟರಿನಲ್ಲಿ ಎಂಟು ಮೀಟರಿನ ಆಸುಪಾಸು. ನಿಮ್ಮ ಗೇಟು ಹನ್ನೆರಡು ಮೀಟರ್ ದೂರ! ಹೀಗಾಗಿ ಗೋಡೆಯ ಮೇಲೆ 2.8ರ ಕ್ಯಾಮೆರಾ ಇಟ್ಟು ಗೇಟಿನಲ್ಲಿ ನಿಂತವರ ಮುಖ ನೋಡಲು ಆಗದು. ಒಂದೋ 12 ಮಿಲಿಮೀಟರ್ ಲೆನ್ಸ್ ಹಾಕಿಸಿ, ಇಲ್ಲವೇ ಗೇಟಿನ ಕಂಬದ ಮೇಲೇ ಒಂದು ಕ್ಯಾಮೆರಾ ಕೂರಿಸಿ. ಎರಡನೆಯದೇ ನನಗೆ ಹೆಚ್ಚು ಸರಿ ಕಾಣುತ್ತದೆ. ಮಾಡಿನ ತುದಿಗೆ ಏರಿಸಿದರೆ ಟೋಪಿ, ತಲೆಗೂದಲು ಮಾತ್ರ ಕಾಣುತ್ತದೆ. ಮುಖಕ್ಕಾಗಿ ಹಾಕುವ ಕ್ಯಾಮೆರಾ ಎರಡು, ಎರಡೂವರೆ ಮೀಟರಿಗಿಂತ ಮೇಲೆ ಹೋಗಬಾರದು.

5 ಮೆಗಾಪಿಕ್ಸೆಲ್ ಎಂದರೆ ಎರಡೂವರೆ ಪಟ್ಟು ದೂರ ಕಾಣುತ್ತದೆ ಎಂದು ಭಾವಿಸಬೇಡಿ. ಅಗಲದಲ್ಲಿ ಹೆಚ್ಚುವುದು ಮೂರನೇ ಒಂದರಿಂದ ಅರ್ಧದಷ್ಟು. ಅಷ್ಟೇ ಗಾತ್ರದ ಸೆನ್ಸರಿನಲ್ಲಿ ಹೆಚ್ಚು ಪಿಕ್ಸೆಲ್ ತುಂಬಿದಾಗ ಒಂದೊಂದಕ್ಕೂ ಸಿಗುವ ಬೆಳಕು ಕಡಿಮೆಯಾಗುತ್ತದೆ, ಕಳ್ಳ ಬರುವುದಂತೂ ಕತ್ತಲೆಯಲ್ಲಿ. ಒಳ್ಳೆಯ ಸೆನ್ಸರಿನ 4 ಮೆಗಾಪಿಕ್ಸೆಲ್, ಸರಿಯಾದ ಲೆನ್ಸು, ಸರಿಯಾದ ಜಾಗ, ಇಷ್ಟು ನೋಡಿ. ಎಂಟು ಬೇಡ. ನಾಲ್ಕು ಸಾಕು: ಗೇಟಿಗೆ ಒಂದು, ಎದುರಿನ ಅಂಗಳಕ್ಕೆ ಒಂದು, ಹಿತ್ತಿಲ ಬಾಗಿಲಿಗೆ ಒಂದು, ಕೊಟ್ಟಿಗೆಗೆ ಒಂದು. ಉಳಿದ ಹಣವನ್ನು ಕೇಬಲ್ಲಿಗೂ ಕರೆಂಟಿಗೂ ಹಾಕಿ. ನಮ್ಮ ಜಿಲ್ಲೆಯಲ್ಲಿ ಮೊದಲು ಸಾಯುವುದು ಅವೇ.

ಡಿವಿಆರೋ ಎನ್‌ವಿಆರೋ ಎಂಬ ಪ್ರಶ್ನೆಗೆ ನಿಮ್ಮ ಕೊಟ್ಟಿಗೆಯೇ ಉತ್ತರ ಕೊಟ್ಟಿದೆ. ಡಿವಿಆರ್ ವ್ಯವಸ್ಥೆಯಲ್ಲಿ ಪ್ರತಿ ಕ್ಯಾಮೆರಾದಿಂದ ಕೋಆಕ್ಸಿಯಲ್ ಕೇಬಲ್ ಬರುತ್ತದೆ, ಅದರ ಪಕ್ಕದಲ್ಲೇ 12 ವೋಲ್ಟಿನ ಸಣ್ಣ ತಂತಿ ಹೋಗುತ್ತದೆ. ಆ ತಂತಿ ಶುದ್ಧ ತಾಮ್ರದ್ದಲ್ಲದೆ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಆಗಿದ್ದರೆ ದೂರಕ್ಕೆ ವೋಲ್ಟೇಜು ಇಳಿದುಹೋಗುತ್ತದೆ. ಅದರ ಲಕ್ಷಣ ಹೇಳುತ್ತೇನೆ: ಹಗಲಿಡೀ ಚಿತ್ರ ಚೆನ್ನಾಗಿರುತ್ತದೆ, ಸಂಜೆ ಏಳಾಗಿ ಇನ್ಫ್ರಾರೆಡ್ ದೀಪ ಹೊತ್ತಿಕೊಂಡ ಕೂಡಲೇ ಪರದೆ ಕಪ್ಪಾಗುತ್ತದೆ, ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಕ್ಯಾಮೆರಾ ಕೆಟ್ಟಿದೆ ಎಂದು ಹೊಸದು ತರುತ್ತಾರೆ, ಅದೂ ಹಾಗೆಯೇ ಮಾಡುತ್ತದೆ. ಎನ್‌ವಿಆರಿನಲ್ಲಿ ಪಿಒಇ ಇದ್ದರೆ ಒಂದೇ ನೆಟ್‌ವರ್ಕ್ ಕೇಬಲ್ಲಿನಲ್ಲಿ ಚಿತ್ರವೂ ಸುಮಾರು 48 ವೋಲ್ಟಿನ ಕರೆಂಟೂ ಹೋಗುತ್ತವೆ. ವೋಲ್ಟೇಜು ಹೆಚ್ಚಿರುವುದರಿಂದ ಇಳಿತದ ಕಾಟ ಕಡಿಮೆ. ಆದರೆ ನೆಟ್‌ವರ್ಕ್ ಕೇಬಲ್ಲಿಗೆ 100 ಮೀಟರಿನ ಮಿತಿಯಿದೆ, ನಿಮ್ಮದು ನೂರಿಪ್ಪತ್ತು. ಮೇಲಾಗಿ, ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆ, ಮತ್ತೆ ಅಕ್ಟೋಬರಿನದ್ದು, ನಮಗೆ ಹೊಸದಲ್ಲ. ಬಯಲಿನಲ್ಲಿ ಎಳೆದ ಉದ್ದನೆಯ ತಾಮ್ರದ ತಂತಿ ಎಲ್ಲೋ ಬಿದ್ದ ಸಿಡಿಲಿನ ಏಟನ್ನೂ ಹೊತ್ತು ತಂದು ರೆಕಾರ್ಡರಿಗೆ ಮುಟ್ಟಿಸುತ್ತದೆ. ಹಾಗಾಗಿ ಮನೆಯಿಂದ ಕೊಟ್ಟಿಗೆಗೆ ಫೈಬರ್ ಎಳೆಸಿ. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ಸಿಡಿಲು ಹರಿಯುವುದಿಲ್ಲ. ಲೋಹದ ಎಳೆ ಇಲ್ಲದ ಫೈಬರನ್ನೇ ಕೇಳಿ. ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ನೆಟ್‌ವರ್ಕ್ ಕೇಬಲ್ಲಿಗೆ ಜೋಡಿಸುವ ಪೆಟ್ಟಿಗೆ), ಕೊಟ್ಟಿಗೆಯಲ್ಲಿ ಒಂದು ಚಿಕ್ಕ ಪಿಒಇ ಸ್ವಿಚ್. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಅಳೆಸಿ ನೋಡಿ.

ವೈಫೈ ಕ್ಯಾಮೆರಾ ಬಾಡಿಗೆ ಮನೆಗೆ, ಒಂದು ಕೋಣೆಗೆ ಸರಿ. ದಪ್ಪ ಚಿರೆಕಲ್ಲಿನ ಗೋಡೆ ದಾಟಿ ಅದರ ಸಂಕೇತ ಹಿತ್ತಿಲಿಗೆ ತಲುಪುವಷ್ಟರಲ್ಲಿ ಸೋತಿರುತ್ತದೆ. ದೃಶ್ಯ ಉಳಿಯುವುದು ಬರೀ ಅದರ ಮೆಮೊರಿ ಕಾರ್ಡಿನಲ್ಲಾದರೆ, ಕ್ಯಾಮೆರಾ ಕಿತ್ತುಕೊಂಡು ಹೋದವನ ಜೊತೆ ಸಾಕ್ಷಿಯೂ ಹೋಗುತ್ತದೆ.

ಹಾರ್ಡ್‌ಡಿಸ್ಕ್: ಕಣ್ಗಾವಲಿಗೆಂದೇ ಮಾಡಿದ್ದನ್ನು ತೆಗೆದುಕೊಳ್ಳಿ. ವೆಸ್ಟರ್ನ್ ಡಿಜಿಟಲ್‌ನ ಪರ್ಪಲ್, ಸೀಗೇಟ್‌ನ ಸ್ಕೈಹಾಕ್ ಇಂಥವು. ಹಗಲಿರುಳು ಬರೆಯುತ್ತಲೇ ಇರುವ ಕೆಲಸಕ್ಕೆ ಅವನ್ನು ರೂಪಿಸಿದ್ದಾರೆ. ಎಷ್ಟು ಬೇಕು ಎನ್ನುವುದಕ್ಕೆ: ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳುಹಿಸಿದರೆ ದಿನಕ್ಕೆ ಸುಮಾರು 43 ಜಿಬಿ. ನಾಲ್ಕಕ್ಕೆ 173. 1 ಟಿಬಿ ಆರು ದಿನವೂ ಬಾರದು, 2 ಟಿಬಿ ಹನ್ನೊಂದು ದಿನ. ಎಚ್.265 (ವಿಡಿಯೊವನ್ನು ಹೆಚ್ಚು ಕುಗ್ಗಿಸುವ ವಿಧಾನ) ಬಳಸಿ 2 ಮೆಗಾಬಿಟ್ಟಿಗೆ ಇಳಿಸಿದರೆ ಅದೇ 2 ಟಿಬಿ ಇಪ್ಪತ್ಮೂರು ದಿನ ಬರುತ್ತದೆ. ಕಳುವಾದದ್ದು ಗೊತ್ತಾಗಲು ನಿಮ್ಮ ಅಪ್ಪನಿಗೆ ವಾರ ಹಿಡಿಯಬಹುದು, ಕೊಟ್ಟಿಗೆಯ ಸಾಮಾನನ್ನು ದಿನವೂ ಯಾರು ಎಣಿಸುತ್ತಾರೆ? 2 ಟಿಬಿಗೆ ಕಡಿಮೆ ಬೇಡ.

ರೆಕಾರ್ಡರನ್ನು ಟಿವಿಯ ಕೆಳಗೆ ಇಡಬೇಡಿ. ಒಳಗೆ ಬಂದವರು ಮೊದಲು ಎತ್ತುವುದು ಅದನ್ನೇ. ಗಾಳಿಯಾಡುವ, ಬೀಗ ಹಾಕುವ ಕಪಾಟು ನೋಡಿ. ಜೊತೆಗೆ ಅದಕ್ಕೂ ರೂಟರಿಗೂ ಒಂದು ಯುಪಿಎಸ್.

ಕಾರವಾರದಿಂದ

ಶಿರಸಿಯವರು ಹೇಳಿದ್ದಕ್ಕೆ ಉಪ್ಪುಗಾಳಿಯ ಮಾತು ಸೇರಿಸುತ್ತೇನೆ, ಅದು ಘಟ್ಟದ ಮೇಲಿನವರಿಗೆ ಇಲ್ಲದ ಕಷ್ಟ. ನಮ್ಮದು ಬೈತಖೋಲ ಬಂದರಿನ ಹತ್ತಿರದ ಗೋದಾಮು.

ಪೆಟ್ಟಿಗೆಯ ಮೇಲೆ ಐಪಿ67 ಎಂದು ಬರೆದಿರುತ್ತದೆ. 6 ಎಂದರೆ ಧೂಳು ಹೋಗದು. 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ತೊಂದರೆಯಿಲ್ಲ. ಉಪ್ಪಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಮತ್ತೆ, ಆ ಅಂಕಿ ಕ್ಯಾಮೆರಾದ ಮೈಗೆ ಸಂಬಂಧಿಸಿದ್ದು, ಬಾಲದಂತೆ ಹೊರಬಂದ ತಂತಿಯ ತುದಿಗಲ್ಲ. ನಮ್ಮಲ್ಲಿ ಕೆಟ್ಟದ್ದೆಲ್ಲ ಆ ತುದಿಯೇ. ಬಿಚ್ಚಿ ನೋಡಿದರೆ ನೆಟ್‌ವರ್ಕ್ ಪಿನ್ನಿನ ಎಂಟು ಎಳೆಗಳಲ್ಲಿ ಕರೆಂಟು ಹರಿಯುವವು ಮಾತ್ರ ಹಸಿರು ಕಿಲುಬು ಹಿಡಿದು ತುಂಡಾಗಿರುತ್ತವೆ, ಉಳಿದವು ಹೊಳೆಯುತ್ತಿರುತ್ತವೆ. ತೇವ, ಉಪ್ಪು, ಕರೆಂಟು ಮೂರೂ ಸೇರಿದ ಕಡೆ ತಾಮ್ರ ಬಹಳ ದಿನ ಬಾಳುವುದಿಲ್ಲ.

ಆದ್ದರಿಂದ ಪ್ರತಿ ಕ್ಯಾಮೆರಾದ ಹಿಂದೆ ರಬ್ಬರ್ ಗ್ಲ್ಯಾಂಡ್ ಇರುವ ಜಂಕ್ಷನ್ ಬಾಕ್ಸ್ ಹಾಕಿಸಿ, ತುದಿ ಅದರೊಳಗೇ ಇರಲಿ. ಪಿನ್ನಿಗೆ ಸಿಲಿಕೋನ್ ಗ್ರೀಸ್ ಸವರಲು ಹೇಳಿ. ಕೇಬಲ್ ಬಾಕ್ಸಿನೊಳಗೆ ಹೋಗುವ ಮುಂಚೆ ಕೆಳಕ್ಕೆ ಒಂದು ಬಳುಕು ಇರಬೇಕು, ಇಳಿದು ಬಂದ ಮಳೆನೀರು ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತದೆ. ಸ್ಕ್ರೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು. ಜೊತೆಗೆ ಕೊಡುವ ಸಾಮಾನ್ಯ ಸ್ಕ್ರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು ತಲೆಯೇ ಕಿತ್ತುಬರುತ್ತದೆ. ಸಾಧ್ಯವಿದ್ದಲ್ಲಿ ಕ್ಯಾಮೆರಾವನ್ನು ಪಶ್ಚಿಮಕ್ಕೆ ಮುಖ ಮಾಡಿ ಇಡಬೇಡಿ. ಜೂನ್, ಜುಲೈನಲ್ಲಿ ಮಳೆ ಅಡ್ಡಡ್ಡ ಹೊಡೆಯುವುದು ಆ ಕಡೆಯಿಂದಲೇ, ಸಂಜೆಯ ಬಿಸಿಲೂ ಅಲ್ಲಿಂದಲೇ ಲೆನ್ಸಿಗೆ ಬೀಳುತ್ತದೆ.

ಗುಮ್ಮಟದಾಕಾರದ ಡೋಮ್ ಹೊರಗೆ ಬೇಡ. ಪ್ಲಾಸ್ಟಿಕ್ ಹೊದಿಕೆಯ ಮೇಲೆ ಹನಿ, ಉಪ್ಪಿನ ಪದರ ಕುಳಿತರೆ ಇನ್ಫ್ರಾರೆಡ್ ಬೆಳಕು ಅದಕ್ಕೇ ಬಡಿದು ಹಿಂದೆ ಬರುತ್ತದೆ, ರಾತ್ರಿಯ ಚಿತ್ರ ಹಾಲು ಚೆಲ್ಲಿದಂತೆ ಕಾಣುತ್ತದೆ. ಕೊಳವೆಯಾಕಾರದ ಬುಲೆಟ್ ಅಥವಾ ಗುಮ್ಮಟದ ಹೊದಿಕೆಯಿಲ್ಲದ, ಚೆಂಡಿನಾಕಾರದ ಟರೆಟ್ ತೆಗೆದುಕೊಳ್ಳಿ. ಜೇಡನಿಗೆ ಮಾತ್ರ ಯಾವುದಾದರೂ ಒಂದೇ. ದೀಪಕ್ಕೆ ಹುಳು ಬರುತ್ತದೆ, ಹುಳುವಿಗಾಗಿ ಜೇಡ ಬಲೆ ಕಟ್ಟುತ್ತದೆ, ಅದರ ಒಂದು ಎಳೆ ಗಾಳಿಗೆ ಅಲುಗಿದರೂ ರಾತ್ರಿಯಿಡೀ ಎಚ್ಚರಿಕೆಯ ಸಂದೇಶ ಬರುತ್ತದೆ. ಉದ್ದ ಕೋಲಿಗೆ ಮೆತ್ತನೆಯ ಬಟ್ಟೆ ಕಟ್ಟಿ ತಿಂಗಳಿಗೊಮ್ಮೆ ಒರೆಸಿ. ಮಳೆಗಾಲ ಮುಗಿದ ಮೇಲೆ ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಉಪ್ಪು ತೆಗೆಯಿರಿ.

ಸಿದ್ದಾಪುರದಿಂದ

ಕರೆಂಟು ಇಲ್ಲದ ಕಡೆ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಬಳಕೆಗೆ ಬರುತ್ತದೆ, ನಮ್ಮ ಅಡಿಕೆ ತೋಟದಲ್ಲಿ ಅದೇ ಇದೆ. ಎರಡು ಮಾತು ತಿಳಿದಿರಲಿ. ಬ್ಯಾಟರಿ ಉಳಿಸಲು ಅದು ಮಲಗಿರುತ್ತದೆ, ಮೈಬಿಸಿ ಕಂಡಾಗ ಏಳುತ್ತದೆ. ಏಳುವಷ್ಟರಲ್ಲಿ ವೇಗವಾಗಿ ದಾಟಿದವನ ಬೆನ್ನು ಮಾತ್ರ ಸಿಗುತ್ತದೆ. ಮತ್ತೆ, ಆಷಾಢದಲ್ಲಿ ಮೋಡ ಕವಿದು ಕೂತರೆ, ಅದರಲ್ಲೂ ಮರದ ನೆರಳಿನಲ್ಲಿ, ಪ್ಯಾನೆಲ್ ಬ್ಯಾಟರಿಯನ್ನು ತುಂಬಿಸಲಾರದು. ನಿಮ್ಮ ಕೊಟ್ಟಿಗೆಗೆ ಕರೆಂಟು ಇದ್ದರೆ ಫೈಬರಿನ ಸಲಹೆಯೇ ಒಳ್ಳೆಯದು. ಮನುಷ್ಯರನ್ನು ಬೇರೆ ಗುರುತಿಸುವ ಸೌಲಭ್ಯವಿರುವ ಕ್ಯಾಮೆರಾ ತೆಗೆದುಕೊಳ್ಳಿ. ಇಲ್ಲದಿದ್ದರೆ ಮಂಗ, ನಾಯಿ, ಅಲುಗಿದ ಬಾಳೆಎಲೆ ಎಲ್ಲಕ್ಕೂ ಮೊಬೈಲ್ ಕೂಗಿ, ಕೊನೆಗೆ ನೀವೇ ಸೂಚನೆ ನಿಲ್ಲಿಸುತ್ತೀರಿ.

ಕುಮಟಾದಿಂದ ಮತ್ತೆ

ಎಲ್ಲರಿಗೂ ತುಂಬ ಧನ್ಯವಾದ. ನಾಲ್ಕು ಕ್ಯಾಮೆರಾ, ಎನ್‌ವಿಆರ್, ಕೊಟ್ಟಿಗೆಗೆ ಫೈಬರ್ ಎಂದು ನಿರ್ಧರಿಸಿದ್ದೇನೆ. ಇನ್ನೆರಡು ಪ್ರಶ್ನೆ. ಅಮ್ಮನಿಗೆ ಮಂಡಿ ನೋವು, ಬಿದ್ದರೆ ತಿಳಿಯಲಿ ಎಂದು ಜಗಲಿಯಲ್ಲಿ, ಅಡುಗೆಮನೆಯಲ್ಲಿ ಒಂದೊಂದು ಹಾಕಿಸಲೇ? ಪಾಸ್‌ವರ್ಡ್ ತಮ್ಮ ಬಳಿಯೇ ಇರಲಿ, ದುರಸ್ತಿಗೆ ಅನುಕೂಲ ಎಂದು ಹಾಕುವವರು ಹೇಳುತ್ತಿದ್ದಾರೆ, ಒಪ್ಪಬಹುದೇ?

ಶಿರಸಿಯಿಂದ

ಪಾಸ್‌ವರ್ಡ್ ಕೊಡಬೇಡಿ. ಮೊಬೈಲ್ ಆ್ಯಪಿನ ಖಾತೆಯನ್ನು ನಿಮ್ಮ ಸಂಖ್ಯೆಯಲ್ಲಿ, ನಿಮ್ಮ ಕೈಯಲ್ಲೇ ತೆರೆಯಿರಿ. ಬಹಳ ಕಡೆ ಅದು ಹಾಕಿದವರ ಮೊಬೈಲಿನಲ್ಲೇ ನೋಂದಣಿಯಾಗಿರುತ್ತದೆ, ಮನೆಯವರಿಗೆ ಹಂಚಿಕೆ ಮಾತ್ರ. ಅಂಥ ಮನೆಯ ಅಂಗಳ ವರ್ಷಗಟ್ಟಲೆ ಬೇರೆಯವರ ಕೈಯಲ್ಲಿ ತೆರೆದುಕೊಂಡಿರುತ್ತದೆ. ದುರಸ್ತಿಗೆ ಬಂದ ದಿನ ನೀವೇ ಒಳಗೆ ಬಿಟ್ಟುಕೊಟ್ಟರಾಯಿತು. ಕಂಪನಿ ಕೊಟ್ಟ ಮೂಲ ಪಾಸ್‌ವರ್ಡ್ ಹಾಗೆಯೇ ಉಳಿಯಬಾರದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹೊಕ್ಕಿದ್ದು ಹೀಗೆ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳಿಗೇ. 2025ರ ಏಪ್ರಿಲ್ 9ರಿಂದ ನಮ್ಮ ದೇಶದಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರದ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಕೊಳ್ಳುವ ಮಾದರಿಗೆ ಎಸ್‌ಟಿಕ್ಯುಸಿ (ಕೇಂದ್ರದ ಪರೀಕ್ಷಾ ಸಂಸ್ಥೆ) ಪ್ರಮಾಣಪತ್ರ ಇದೆಯೇ ಎಂದು ಅಂಗಡಿಯಲ್ಲಿ ಕೇಳಿ. ಹಳೆಯ ದಾಸ್ತಾನು ಅಗ್ಗಕ್ಕೆ ಸಿಗುತ್ತದೆಂದು ಒಪ್ಪಬೇಡಿ.

ಒಳಗಿನ ಕ್ಯಾಮೆರಾದ ವಿಷಯ ಬೇರೆ. ಅಮ್ಮನನ್ನು ಕೇಳಿದ್ದೀರಾ? ಮಕ್ಕಳು ದೂರದಿಂದ ನೋಡುತ್ತಿರುತ್ತಾರೆ ಎಂಬ ಭಾವನೆಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತ, ತಮ್ಮ ಅಡುಗೆಮನೆಯಲ್ಲೇ ಬಿಗಿಯಾಗಿ ಓಡಾಡುವ ಹಿರಿಯರನ್ನು ನಾನು ನಮ್ಮ ನೆಂಟರ ಮನೆಗಳಲ್ಲಿ ಕಂಡಿದ್ದೇನೆ. ಅದು ಸಂಕಟದ ವಿಷಯ. ಬಿದ್ದಾಗ ತಿಳಿಯಲು ಕುತ್ತಿಗೆಗೆ ಹಾಕಿಕೊಳ್ಳುವ ತುರ್ತು ಗುಂಡಿ ಸಿಗುತ್ತದೆ, ಅದು ಹೆಚ್ಚು ಉಪಯುಕ್ತ. ಅಮ್ಮ ತಾವಾಗಿ ಒಪ್ಪಿದರೆ ಜಗಲಿಗೆ ಒಂದು ಇರಲಿ, ಅಡುಗೆಮನೆಗೆ ಬೇಡವೇ ಬೇಡ. ಹಿತ್ತಿಲ ಕ್ಯಾಮೆರಾದಲ್ಲಿ ಪಕ್ಕದವರ ಬಾವಿಕಟ್ಟೆ, ಬಚ್ಚಲು ಕಾಣುತ್ತಿದ್ದರೆ ಆ ಭಾಗವನ್ನು ಮುಚ್ಚುವ ಸೌಲಭ್ಯ ರೆಕಾರ್ಡರಿನಲ್ಲಿದೆ. ಮುಚ್ಚಿ, ಅವರನ್ನು ಕರೆದು ತೋರಿಸಿ.

ಅಂಕೋಲಾದಿಂದ

ತಡವಾಗಿ ನೋಡಿದೆ. ಗಡಿಯಾರದ ಬಗ್ಗೆ ಯಾರೂ ಹೇಳಿಲ್ಲ. ನಮ್ಮ ಅಂಗಡಿಯಲ್ಲಿ ಕಳವಾದಾಗ ದೃಶ್ಯವೇನೋ ಚೆನ್ನಾಗಿ ಸಿಕ್ಕಿತು, ಅದರ ಮೇಲಿನ ಸಮಯ ಮಾತ್ರ ತಪ್ಪಾಗಿತ್ತು. ರೆಕಾರ್ಡರಿನ ಒಳಗಿನ ನಾಣ್ಯದಂಥ ಸಣ್ಣ ಬ್ಯಾಟರಿ ಮುಗಿದಿದ್ದರಿಂದ ಕರೆಂಟು ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತಿತ್ತು. ಠಾಣೆಯಲ್ಲಿ ಆ ವ್ಯತ್ಯಾಸ ವಿವರಿಸಲು ಸಾಕುಬೇಕಾಯಿತು. ಅಂತರ್ಜಾಲದಿಂದ ಸಮಯ ತಾನಾಗಿ ಸರಿಹೊಂದುವ ವ್ಯವಸ್ಥೆಯನ್ನು ಮೊದಲ ದಿನವೇ ಮಾಡಿಸಿ.

ಏನಾದರೂ ಆದರೆ ಅದೇ ದಿನ ದೃಶ್ಯವನ್ನು ಪೆನ್‌ಡ್ರೈವಿಗೆ ಇಳಿಸಿ, ತಡಮಾಡಿದರೆ ಅದರ ಮೇಲೆ ಹೊಸದು ಬರೆದುಹೋಗುತ್ತದೆ. ಪರದೆಯನ್ನು ಮೊಬೈಲಿನಲ್ಲಿ ಚಿತ್ರಿಸಿದ್ದನ್ನು ನಂಬಿ ಕೂರಬೇಡಿ, ರೆಕಾರ್ಡರಿನ ಮೂಲ ಕಡತವೇ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲ ಎಂದು ತೋರಿಸುವ, ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕು. ರೆಕಾರ್ಡರಿನ ಮಾದರಿ, ಕ್ರಮಸಂಖ್ಯೆ, ಕೊಂಡ ರಸೀದಿಯನ್ನು ಅಪ್ಪನ ಬಳಿ ಒಂದು ಕಡತದಲ್ಲಿ ಇಡಿಸಿ, ಆ ಪತ್ರ ತುಂಬುವಾಗ ಅವೆಲ್ಲ ಬೇಕಾಗುತ್ತವೆ.