ಸಹಾಯ ಬೇಕು: 500 ಜಿಬಿ ಇಮೇಜ್, 480 ಜಿಬಿ ಎಸ್‌ಎಸ್‌ಡಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮದು ಹೋಲ್‌ಸೇಲ್ ಕಿರಾಣಿ ಅಂಗಡಿ. ಲೆಕ್ಕದ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೈಕೊಟ್ಟಿದೆ. ಪುಣ್ಯಕ್ಕೆ ಕ್ಲೋನ್‌ಜಿಲ್ಲಾ ಅನ್ನೋ ಡಿಸ್ಕ್ ನಕಲು ಮಾಡುವ ಸಾಫ್ಟ್‌ವೇರಿನಲ್ಲಿ ತೆಗೆದ ಇಡೀ ಡಿಸ್ಕಿನ ಇಮೇಜ್ (ಇದ್ದ ಹಾಗೇ ತೆಗೆದಿಟ್ಟ ನಕಲು) ಇದೆ. ಚೆಕ್ ಮಾಡಿದೆ, ಸರಿಯಾಗಿದೆ.

ತೊಂದರೆ ಅಳತೆಯದ್ದು. ಹಳೇ ಡಿಸ್ಕ್ 500 ಜಿಬಿ, ಹೊಸ ಎಸ್‌ಎಸ್‌ಡಿ 480. ಒಳಗಿರುವ ಫೈಲುಗಳು 100 ಜಿಬಿಯೂ ಇಲ್ಲ. ಆದರೆ ಕ್ಲೋನ್‌ಜಿಲ್ಲಾ ನೋಡೋದು ಪಾರ್ಟಿಷನ್ (ಸಿ ಡ್ರೈವ್‌ನಂಥ ಡಿಸ್ಕಿನ ಭಾಗ) ಎಷ್ಟು ದೊಡ್ಡದು ಅಂತ, ಫೈಲ್ ಎಷ್ಟಿದೆ ಅಂತಲ್ಲ. ಹೊಸ ಡಿಸ್ಕ್ ಚಿಕ್ಕದು ಎಂದು ಅಲ್ಲೇ ನಿಂತುಬಿಡುತ್ತದೆ. ಆ ಚೆಕ್ ಬಿಟ್ಟು ಮುಂದೆ ಹೋಗುವ ಆಯ್ಕೆ ಇದೆ ನಿಜ. ಸಿ ಡ್ರೈವೇ ಹೊಸ ಡಿಸ್ಕಿನಲ್ಲಿ ಹಿಡಿಯದಿದ್ದರೆ ಅದರಿಂದ ಏನು ಪ್ರಯೋಜನ, ಅಲ್ವಾ?

ನನ್ನ ಯೋಚನೆ: ಮೊದಲು ದೊಡ್ಡ ಡಿಸ್ಕಿಗೆ ರಿಸ್ಟೋರ್ ಮಾಡಿ, ಜಿಪಾರ್ಟೆಡ್‌ನಲ್ಲಿ (ಪಾರ್ಟಿಷನ್ ಅಳತೆ ಬದಲಿಸುವ ಸಾಫ್ಟ್‌ವೇರ್) ಸಿ ಡ್ರೈವ್ ಕುಗ್ಗಿಸಿ, ಆಮೇಲೆ ಎಸ್‌ಎಸ್‌ಡಿಗೆ ಹಾಕೋದು. ಆದರೆ ಡಿಸ್ಕಿನ ಕೊನೆಯಲ್ಲಿ ವಿಂಡೋಸ್ ಕೆಟ್ಟರೆ ರಿಪೇರಿಗೆಂದು ಇರುವ ರಿಕವರಿ ಪಾರ್ಟಿಷನ್ ಕೂತಿದೆ. ಅದನ್ನು ಈಚೆಗೆ ಸರಿಸಿದರೆ ಬೂಟ್ ಆಗಲು ತೊಂದರೆ ಆಗುತ್ತಾ? ಮಾಡಿ ನೋಡಿದವರು ಹೇಳಿ.

ಊರಲ್ಲೇ ಯಾರ ಹತ್ತಿರವಾದರೂ 1 ಟಿಬಿ ಸಾಟಾ ಡಿಸ್ಕ್ ಖಾಲಿ ಇದ್ದರೆ ಸ್ವಲ್ಪ ದಿನಕ್ಕೆ ಕೊಡಿ, ನಾನೇ ಬಂದು ತಗೊಂಡು ಹೋಗ್ತೀನಿ. ‘ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕ್ಕೊಳ್ಳಿ’ ಅನ್ನಬೇಡಿ ದಯವಿಟ್ಟು. ಟ್ಯಾಲಿ, ನುಡಿ, ಪ್ರಿಂಟರ್ ಎಲ್ಲ ಮತ್ತೆ ಕೂರಿಸುವಷ್ಟು ಪುರುಸೊತ್ತಿಲ್ಲ. 20ನೇ ತಾರೀಖಿನೊಳಗೆ ಜಿಎಸ್‌ಟಿ 3ಬಿ ರಿಟರ್ನ್ ಹಾಕಬೇಕು.