ಪದಚರ್ಚೆ: ‘ಸಿಂಕ್ ತಪ್ಪಿದೆ’ ಅಂದರೆ ಏನು ತಪ್ಪಿದೆ?

ಪ್ರಶ್ನೆ:

ನಮಸ್ಕಾರ. ಕಿರುಚಿತ್ರ ಮಾಡುವ ವಿದ್ಯಾರ್ಥಿಗಳಿಗಾಗಿ ಶಬ್ದಗ್ರಹಣ ಮತ್ತು ಸಂಕಲನದ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಫ್ರೇಮ್ (ಚಿತ್ರದ ಒಂದೊಂದು ಬಿಡಿ ಚೌಕಟ್ಟು), ಕ್ಲಾಪ್ (ಕ್ಯಾಮೆರಾ ಮುಂದೆ ಬೋರ್ಡಿನ ಹಲಗೆ ಬಡಿಯುವುದು), ಟೈಮ್‌ಲೈನ್ (ಸಂಕಲನದಲ್ಲಿ ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಇವನ್ನೆಲ್ಲ ಹಾಗೆಯೇ ಉಳಿಸಿಕೊಂಡಿದ್ದೇವೆ. ಸಿಕ್ಕಿಬಿದ್ದಿರುವುದು ‘ಔಟ್ ಆಫ್ ಸಿಂಕ್’ನಲ್ಲಿ, ಅಂದರೆ ಚಿತ್ರವೂ ಶಬ್ದವೂ ಒಟ್ಟಿಗೆ ಸಾಗದಿರುವುದಕ್ಕೆ. ಕರಡಿನಲ್ಲಿ ಒಂದು ಕಡೆ ‘ಸಮಕಾಲಿಕತೆಯ ಕೊರತೆ’, ಇನ್ನೊಂದು ಕಡೆ ‘ಹೊಂದಾಣಿಕೆ ದೋಷ’ ಎಂದಿದೆ. ಆಫ್‌ಸೆಟ್ (ಉದ್ದಕ್ಕೂ ಒಂದೇ ಅಳತೆಯಲ್ಲಿ ತಪ್ಪಿರುವುದು), ಡ್ರಿಫ್ಟ್ (ಹೋಗುತ್ತಾ ಹೋಗುತ್ತಾ ಹೆಚ್ಚು ತಪ್ಪುವುದು) ಎರಡಕ್ಕೂ ಒಂದೇ ಪದ ಸಾಕೇ?

ಉತ್ತರ 1:

ಸಾಲದು. ಎರಡೂ ಬೇರೆ ರೋಗ, ಮದ್ದೂ ಬೇರೆ. ‘ಸಮಕಾಲಿಕತೆ’ ಎಂದ ಕೂಡಲೇ ಓದುಗರ ಮನಸ್ಸು ಸಮಕಾಲೀನ ಕವಿಗಳ ಕಡೆ ಹೋಗುತ್ತದೆ. ‘ಹೊಂದಾಣಿಕೆ’ ಗಂಡಹೆಂಡಿರ ನಡುವಿನ ಮಾತು. ‘ತಾಳೆ’ ಇದೆಯಲ್ಲ! ಲೆಕ್ಕ ತಾಳೆಯಾಗುವ ಹಾಗೆ ತುಟಿಗೂ ಮಾತಿಗೂ ತಾಳೆಯಾಗಬೇಕು. ‘ಸಿಂಕ್ ಮಾಡು’ ಎಂಬುದು ಸಂಕಲನದ ಕೋಣೆಯಲ್ಲಿ ಆಗಲೇ ಕನ್ನಡವಾಗಿದೆ, ಅದನ್ನು ಓಡಿಸಬೇಕಿಲ್ಲ. ವಿವರಣೆಗೆ ‘ತಾಳೆ’ ಬಳಸಿ.

ಆಫ್‌ಸೆಟ್, ಡ್ರಿಫ್ಟ್‌ಗಳ ವ್ಯತ್ಯಾಸವನ್ನು ನಾವು ಗಡಿಯಾರದ ವಿಷಯದಲ್ಲಿ ದಿನವೂ ಆಡುತ್ತೇವೆ. ‘ಗಡಿಯಾರ ಐದು ನಿಮಿಷ ಹಿಂದಿದೆ’ ಎಂದರೆ ಮುಳ್ಳು ತಿರುಗಿಸಿದರಾಯಿತು. ‘ದಿನಕ್ಕೆ ಐದು ನಿಮಿಷ ಹಿಂದೆ ಬೀಳುತ್ತದೆ’ ಎಂದರೆ ಮುಳ್ಳು ತಿರುಗಿಸಿ ಪ್ರಯೋಜನವಿಲ್ಲ, ಯಂತ್ರವನ್ನೇ ಬಿಚ್ಚಬೇಕು. ಮೊದಲನೆಯದು ಆಫ್‌ಸೆಟ್, ಎರಡನೆಯದು ಡ್ರಿಫ್ಟ್. ಆದ್ದರಿಂದ ‘ಶಬ್ದ ಎರಡು ಫ್ರೇಮ್ ಹಿಂದಿದೆ’, ‘ಶಬ್ದ ಹಿಂದೆ ಬೀಳುತ್ತಿದೆ’ ಎಂದೇ ಬರೆಯಿರಿ. ನಾಮಪದ ಬೇಕೇ ಬೇಕೆಂದರೆ ‘ಅಂತರ’ ಮತ್ತು ‘ಜಾರಿಕೆ’.

ಗುರುತಿಸುವ ವಿಧಾನವನ್ನೂ ಪದದ ಪಕ್ಕದಲ್ಲೇ ಕೊಡಿ, ಇಲ್ಲದಿದ್ದರೆ ಪದ ನಿಲ್ಲುವುದಿಲ್ಲ. ಟೇಕ್‌ನ (ಒಂದೇ ಸಲಕ್ಕೆ ಚಿತ್ರಿಸಿದ ತುಣುಕಿನ) ಆರಂಭದಲ್ಲೊಂದು, ಕೊನೆಯಲ್ಲೊಂದು ಕ್ಲಾಪ್ ಬೇಕು (ಕೊನೆಯದಕ್ಕೆ ಬೋರ್ಡನ್ನು ತಲೆಕೆಳಗಾಗಿ ಹಿಡಿಯುವುದು ರೂಢಿ). ಹಲಗೆ ಕೂಡಿದ ಫ್ರೇಮನ್ನೂ ಶಬ್ದದ ಅಲೆಯ ಮೊನೆಯನ್ನೂ ಮೊದಲ ಕ್ಲಾಪಿನಲ್ಲಿ ಕೂಡಿಸಿ, ನೇರ ಕೊನೆಯ ಕ್ಲಾಪಿಗೆ ಹೋಗಿ. ಅಲ್ಲೂ ಕೂಡಿದ್ದರೆ ಇದ್ದದ್ದು ಬರೀ ಅಂತರ, ಅದು ಹೋಯಿತು. ಅಲ್ಲಿ ತಪ್ಪಿದ್ದರೆ ಜಾರಿಕೆ.

ಅಂತರಕ್ಕೆ ಜನ ಗಮನಿಸದ ಒಂದು ಕಾರಣ ದೂರ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಸೆಕೆಂಡಿಗೆ 24 ಫ್ರೇಮ್ ಆದರೆ ಒಂದು ಫ್ರೇಮ್ ಸುಮಾರು 41.7 ಮಿಲಿಸೆಕೆಂಡ್. ಕ್ಯಾಮೆರಾ ನಟರಿಂದ 14 ಮೀಟರ್ ಆಚೆ ಇದ್ದರೆ ಅದರ ಮೈಕ್‌ಗೆ ಮಾತು ಒಂದು ಫ್ರೇಮ್ ತಡವಾಗಿ ತಲುಪುತ್ತದೆ. ಸಂಕಲನದ ಸಾಫ್ಟ್‌ವೇರ್ ಎರಡು ಅಲೆಗಳನ್ನು ಹೋಲಿಸಿ ತಾನೇ ಸಿಂಕ್ ಮಾಡುವಾಗ, ನಟರ ಅಂಗಿಯ ಮೈಕ್‌ನ ಶುದ್ಧ ಶಬ್ದವನ್ನೂ ಈ ತಡವಾದ ಶಬ್ದಕ್ಕೆ ಕೂಡಿಸಿಬಿಡುತ್ತದೆ. ದೂರದ ಶಾಟ್‌ಗಳಲ್ಲಿ ತುಟಿ ನೋಡಿ ಶಬ್ದ ಒಂದು ಫ್ರೇಮ್ ಬೇಗ ಬರುವಂತೆ ಸರಿಸಬೇಕು.

ಜಾರಿಕೆಗೆ ಕಾರಣ ದರದಲ್ಲಿರುತ್ತದೆ. ಸೆಕೆಂಡಿಗೆ 23.976 ಫ್ರೇಮ್‌ನಲ್ಲಿ ಚಿತ್ರಿಸಿದ್ದನ್ನು ಸಾಫ್ಟ್‌ವೇರಿಗೆ 24 ಎಂದು ಓದಿಸಿದರೆ ಚಿತ್ರ ಸಾವಿರಕ್ಕೆ ಒಂದು ಪಾಲು ಬೇಗ ಓಡುತ್ತದೆ. ಒಂದು ನಿಮಿಷಕ್ಕೆ ಸುಮಾರು 1.4 ಫ್ರೇಮ್. ಹತ್ತು ನಿಮಿಷದ ಸಂದರ್ಶನದ ಕೊನೆಗೆ ಶಬ್ದ ಸುಮಾರು 14 ಫ್ರೇಮ್ ಹಿಂದೆ ಬಿದ್ದಿರುತ್ತದೆ. 44.1 ಕಿಲೋಹರ್ಟ್ಸ್‌ನ (ಸೆಕೆಂಡಿಗೆ 44,100 ಸಲ ಅಳೆದು ದಾಖಲಿಸಿದ) ಶಬ್ದವನ್ನು 48 ಎಂದು ಓದಿಸಿದರೆ ಕಿವಿಗೇ ಗೊತ್ತಾಗುತ್ತದೆ: ಒಂದು ನಿಮಿಷದ ಮಾತು ಸುಮಾರು 55 ಸೆಕೆಂಡಿಗೆ ಮುಗಿಯುತ್ತದೆ, ಶ್ರುತಿಯೂ ಏರುತ್ತದೆ. ಎರಡರಲ್ಲೂ ಕ್ಲಿಪ್‌ನ ದರವನ್ನು ಸರಿಪಡಿಸಬೇಕೇ ಹೊರತು ಶಬ್ದವನ್ನು ಎಳೆದು ಹಿಗ್ಗಿಸಬಾರದು. ವಿದ್ಯಾರ್ಥಿಗಳು ಮಾಡುವುದು ಮಾತ್ರ ಅದನ್ನೇ, ಅಥವಾ ಕತ್ತರಿಸಿ ಕತ್ತರಿಸಿ ಸರಿಸುವುದನ್ನು. ಎಲ್ಲಕ್ಕೂ ‘ಸಿಂಕ್ ತಪ್ಪಿದೆ’ ಎಂಬ ಒಂದೇ ಮಾತು ಕಲಿಸಿದ್ದರ ಫಲ.

ದರ ಸರಿಯಿದ್ದರೂ ಎರಡು ಯಂತ್ರಗಳ ಒಳಗಡಿಯಾರ ಪೂರ್ತಿ ಒಂದಾಗಿರುವುದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೆ ಗಂಟೆಗೆ 72 ಮಿಲಿಸೆಕೆಂಡ್. ಮೂರು ನಿಮಿಷದ ಟೇಕ್‌ಗೆ ಇದು ಲೆಕ್ಕಕ್ಕಿಲ್ಲ. ನಾಟಕವೊಂದನ್ನು ಇಡಿಯಾಗಿ ಚಿತ್ರಿಸಿದಾಗ ಕಾಣುತ್ತದೆ.

ಉತ್ತರ 2:

ಮೇಲಿನವರ ಗಡಿಯಾರದ ಮಾತು ಒಪ್ಪಿದೆ. ಆದರೆ ಮೊಬೈಲ್ ಚಿತ್ರೀಕರಣಕ್ಕೆ ಮೂರನೆಯ ಪದವೊಂದು ಬೇಕು. ಅನೇಕ ಮೊಬೈಲ್‌ಗಳು ಫ್ರೇಮ್‌ಗಳನ್ನು ಸಮ ಅಂತರದಲ್ಲಿ ಹಿಡಿಯುವುದಿಲ್ಲ. ಬೆಳಕು ಕಡಿಮೆಯಾದರೆ ದರವನ್ನು ತಾವೇ ಇಳಿಸುವುದೂ ಉಂಟು. ಆಗ ಶಬ್ದ ಒಮ್ಮೆ ಹಿಂದೆ, ಒಮ್ಮೆ ಸರಿ, ಮತ್ತೆ ಹಿಂದೆ. ಇದನ್ನು ಜಾರಿಕೆ ಎಂದರೆ ವಿದ್ಯಾರ್ಥಿ ಶೇಕಡಾ ಲೆಕ್ಕ ಹಾಕುತ್ತಾ ಕೂರುತ್ತಾನೆ, ಲೆಕ್ಕ ಎಂದಿಗೂ ಕೂಡಿಬರುವುದಿಲ್ಲ. ಇಲ್ಲಿ ತಪ್ಪು ಶಬ್ದದ್ದೂ ಅಲ್ಲ. ‘ಚಿತ್ರ ಎಡವುತ್ತಿದೆ’ ಎನ್ನೋಣ. ಸಂಕಲನಕ್ಕೆ ಕೂರುವ ಮೊದಲೇ ಹ್ಯಾಂಡ್‌ಬ್ರೇಕ್‌ನಂಥ ಸಾಫ್ಟ್‌ವೇರಿನಲ್ಲಿ ಸ್ಥಿರ ಫ್ರೇಮ್ ದರ ಆರಿಸಿ ಕಡತವನ್ನು ಪರಿವರ್ತಿಸಿಕೊಳ್ಳಬೇಕು. ಟೈಮ್‌ಲೈನ್‌ನಲ್ಲಿ ಅರ್ಧ ಕತ್ತರಿಸಿದ ಮೇಲೆ ಕಡತ ಬದಲಾಯಿಸಿದರೆ ಕತ್ತರಿಸಿದ ಜಾಗಗಳೆಲ್ಲ ಸರಿದುಹೋಗುವ ಅಪಾಯವಿದೆ.